ಸಂತಾನಾಪೇಕ್ಷೆ, ಚಿಕಿತ್ಸೆ ಮತ್ತು ಭಗವದಿಚ್ಛೆ

ಶ್ರೀಕೃಷ್ಣಜಯಂತಿಯ ರಾತ್ರಿ ಅರ್ಘ್ಯಪ್ರದಾನವಾದ ತರುವಾಯ ತೊಟ್ಟಿಲಸೇವೆ ನಡೆಯುವ ದೇವಾಲಯಗಳಲ್ಲಿ ಬಾಲಕೃಷ್ಣನ ತೊಟ್ಟಿಲಿನ ಹಗ್ಗವನ್ನು ಮೊದಲು ಹಿಡಿಯುವವರು ಬಹುಮಟ್ಟಿಗೆ ಸಂತಾನಾಪೇಕ್ಷಿಗಳಾದ ದಂಪತಿಗಳೇ. ಸಂತಾನಗೋಪಾಲ ಮಂತ್ರದ ಜಪ, ಕುಕ್ಕೆಯಲ್ಲಿ ಆಶ್ಲೇಷಾಬಲಿ, ನಾಗಪ್ರತಿಷ್ಠೆ, ಮಂತ್ರಾಲಯದಲ್ಲಿ ರಾಯರ ಸೇವೆ ಇವೆಲ್ಲವೂ ನಮ್ಮ ಮನೆತನಗಳಲ್ಲಿ ತಲೆತಲಾಂತರದಿಂದ ನಡೆದು ಬಂದಿವೆ. ಇಂದು ಅದೇ ದಂಪತಿಗಳು ಮರುದಿನ ಬೆಳಗ್ಗೆ ಆಸ್ಪತ್ರೆಯ ಸರದಿಯಲ್ಲಿಯೂ ಕುಳಿತಿರುತ್ತಾರೆ. ದೇವರಲ್ಲಿ ಬೇಡಿದ್ದನ್ನು ಎಲ್ಲರೆದುರು ಹೇಳಿಕೊಳ್ಳುವ ಇವರು ವೈದ್ಯರ ಬಳಿಗೆ ಹೋದುದನ್ನು ಮಾತ್ರ ಮುಚ್ಚಿಡುತ್ತಾರೆ. ಏಕೆ ಮುಚ್ಚಿಡಬೇಕು? ಚಿಕಿತ್ಸೆಯನ್ನು ಬಯಸುವುದು ಭಗವದಿಚ್ಛೆಗೆ ವಿರುದ್ಧವಾದ ಆಚರಣೆಯೆ? ಹಾಗಲ್ಲವಾದರೆ ಅದಕ್ಕೆ ಧರ್ಮದ ಮೇರೆ ಎಲ್ಲಿಯದು? ಆಸ್ತಿಕ ಬಂಧುಗಳು ಈ ಪ್ರಶ್ನೆಗಳನ್ನು ಶಾಂತಚಿತ್ತದಿಂದ ವಿಮರ್ಶಿಸಬೇಕಾದ ಕಾಲ ಬಂದಿದೆ.

ಮೊದಲು ವಿಷಯದ ಸ್ವರೂಪವನ್ನು ತಿಳಿಯೋಣ. ಸ್ತ್ರೀಯ ಅಂಡಾಣುವನ್ನು ದೇಹದಿಂದ ಹೊರತೆಗೆದು ಪ್ರಯೋಗಶಾಲೆಯ ಪಾತ್ರೆಯಲ್ಲಿ ಪುರುಷನ ವೀರ್ಯಾಣುವಿನೊಡನೆ ಸೇರಿಸಿ, ಹಾಗೆ ಉಂಟಾದ ಭ್ರೂಣವನ್ನು ಕೆಲವು ದಿನಗಳ ತರುವಾಯ ಗರ್ಭಾಶಯದಲ್ಲಿ ಇರಿಸುವ ವಿಧಾನಕ್ಕೆ ಐ.ವಿ.ಎಫ್. ಎಂದು ಹೆಸರು. ಪ್ರನಾಳ ಶಿಶು ಎಂದು ಜನ ಕರೆಯುವುದು ಈ ವಿಧಾನದಿಂದ ಹುಟ್ಟಿದ ಮಗುವನ್ನೇ. ಇಂಥ ಮೊದಲ ಶಿಶು 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜನಿಸಿತು. ಅದೇ ವರ್ಷ ಅಕ್ಟೋಬರ್ 3ರಂದು, ದುರ್ಗಾಪೂಜೆಯ ದಿನಗಳಲ್ಲಿ, ಕಲ್ಕತ್ತೆಯ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ದುರ್ಗಾ ಎಂಬ ಹೆಣ್ಣುಮಗು ಹುಟ್ಟಿತು. ಆದರೆ ಅಂದಿನ ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ಅಪಮಾನದಿಂದ ಕುಗ್ಗಿದ ಆ ವೈದ್ಯರು 1981ರಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮಗುವೇ ಭಾರತದ ಮೊದಲ ಪ್ರನಾಳ ಶಿಶು ಎಂದು ಲೋಕ ತಿಳಿದಿತ್ತು. ಆ ಕಾರ್ಯದಲ್ಲಿ ಪ್ರಮುಖರಾಗಿದ್ದ ವಿಜ್ಞಾನಿ ಟಿ. ಸಿ. ಆನಂದಕುಮಾರರೇ ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿ, ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 1997ರಲ್ಲಿ ಲೇಖನ ಬರೆದು, ಮೊದಲಿಗನ ಗೌರವ ತನಗಲ್ಲ, ದಿವಂಗತರಿಗೆ ಸಲ್ಲಬೇಕೆಂದು ಸಾರಿದರು. ತನ್ನದಾಗಿದ್ದ ಕೀರ್ತಿಯನ್ನು ಸತ್ಯಕ್ಕಾಗಿ ಬಿಟ್ಟುಕೊಟ್ಟ ಇಂಥ ನಡತೆಯನ್ನು ಧರ್ಮವೆನ್ನದೆ ಬೇರೇನೆನ್ನಬೇಕು?

ಈಗ ಆಕ್ಷೇಪಗಳನ್ನು ನೋಡೋಣ. ಹಿರಿಯರಲ್ಲಿ ಅನೇಕರು ಹೇಳುವ ಮೊದಲನೆಯ ಮಾತು ಹೀಗಿದೆ: ಶ್ರೀಹರಿ ಒಬ್ಬನೇ ಸ್ವತಂತ್ರನು, ಅವನು ಕೊಡುವುದಾದರೆ ಕೊಡುತ್ತಾನೆ, ಕೊಡದಿರುವುದನ್ನು ಆಸ್ಪತ್ರೆಯಲ್ಲಿ ಕಸಿದುಕೊಳ್ಳ ಹೊರಡುವುದು ನಾಸ್ತಿಕತೆ. ಈ ಮಾತಿನ ಪೂರ್ವಾರ್ಧ ನಮ್ಮ ಸಿದ್ಧಾಂತದ ಜೀವಾಳವೇ ಸರಿ. ಉತ್ತರಾರ್ಧ ಮಾತ್ರ ಅದರಿಂದ ಹೊರಡುವುದಿಲ್ಲ. ಜೀವನು ಕರ್ತೃವಲ್ಲವೆಂದಾದರೆ ವಿಧಿನಿಷೇಧಗಳನ್ನು ಹೇಳುವ ಶಾಸ್ತ್ರವೇ ವ್ಯರ್ಥವಾಗುತ್ತದೆಯೆಂದು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯ ನಿರ್ಣಯಿಸಿದೆ. ಆ ಕರ್ತೃತ್ವವು ಶ್ರೀಹರಿಯ ಅಧೀನವೆಂಬುದು ಆಚಾರ್ಯರ ಸಿದ್ಧಾಂತ. ಅಧೀನವಾದುದು ಇಲ್ಲವೆಂದಾಗುವುದಿಲ್ಲ. ಗೀತೆಯ ಹದಿನೆಂಟನೆಯ ಅಧ್ಯಾಯವು ಯಾವುದೇ ಕಾರ್ಯಕ್ಕೆ ಐದು ಕಾರಣಗಳನ್ನು ಎಣಿಸುತ್ತದೆ. ಅಧಿಷ್ಠಾನ, ಕರ್ತೃ, ಕರಣಗಳು, ನಾನಾ ವಿಧದ ಚೇಷ್ಟೆಗಳು ಎಂಬ ನಾಲ್ಕನ್ನು ಹೇಳಿದ ಮೇಲೆ ಐದನೆಯದಾಗಿ ದೈವ ಬರುತ್ತದೆ. ದೈವವೊಂದೇ ಸಾಕೆಂದು ಕೈಕಟ್ಟಿ ಕುಳಿತವನು ನಾಲ್ಕನ್ನು ಬಿಟ್ಟವನು. ಚೇಷ್ಟೆಯೊಂದೇ ಸಾಕೆಂದು ಬೀಗುವವನು ಐದನೆಯದನ್ನು ಮರೆತವನು. ಜ್ವರ ಬಂದಾಗ ಕಷಾಯ ಕುಡಿಯುವವನನ್ನು, ಕಣ್ಣಿಗೆ ಪೊರೆ ಬಂದಾಗ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವನನ್ನು ನಾವು ನಾಸ್ತಿಕನೆನ್ನುವುದಿಲ್ಲ. ಗರ್ಭನಾಳದಲ್ಲಿ ತಡೆಯಿರುವ ಹೆಣ್ಣುಮಗಳಿಗೆ ಮಾತ್ರ ಆ ಮಾತನ್ನು ಏಕೆ ಆಡಬೇಕು?

ಇಷ್ಟಕ್ಕೂ ಸಂತಾನಕ್ಕಾಗಿ ಪ್ರಯತ್ನಪಡುವುದು ನಮ್ಮ ಪರಂಪರೆಗೆ ಹೊಸದಲ್ಲ. ಪಾಜಕದ ಮಧ್ಯಗೇಹ ಭಟ್ಟರು ಉಡುಪಿಯ ಅನಂತೇಶ್ವರನ ಸನ್ನಿಧಿಯಲ್ಲಿ ಹನ್ನೆರಡು ವರ್ಷ ಸೇವೆ ಸಲ್ಲಿಸಿದ ಫಲವಾಗಿ ಜಗದ್ಗುರುಗಳಾದ ಆಚಾರ್ಯರು ಅವತರಿಸಿದರೆಂಬುದನ್ನು ಸುಮಧ್ವವಿಜಯದಿಂದ ನಾವೆಲ್ಲರೂ ಬಲ್ಲೆವು. ಆ ದಂಪತಿಗಳು ಮನೆಯಲ್ಲಿ ಕುಳಿತು, ಬರುವುದಿದ್ದರೆ ಬರಲಿ ಎನ್ನಲಿಲ್ಲ. ಸೇವೆಯೂ ಪ್ರಯತ್ನವೇ. ದಶರಥನ ಇಷ್ಟಿಯೂ ಪ್ರಯತ್ನವೇ. ಪ್ರಯತ್ನಕ್ಕೆ ಫಲವನ್ನು ಕೊಡುವವನು ಮಾತ್ರ ಒಬ್ಬನೇ.

ಎರಡನೆಯ ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ವೈದ್ಯರು ಪ್ರಯೋಗಶಾಲೆಯಲ್ಲಿ ಸೃಷ್ಟಿಕರ್ತನ ಪೀಠವನ್ನೇ ಏರಿದಂತಾಗಲಿಲ್ಲವೆ ಎಂದು ಕೆಲವರು ಕೇಳುತ್ತಾರೆ. ಜೀವವು ದೇಹದೊಡನೆ ಹೊಸದಾಗಿ ಹುಟ್ಟುತ್ತದೆಯೆಂದು ನಂಬುವವರಿಗೆ ಈ ಭಯ ಸಹಜ. ನಮಗಾದರೋ ಜೀವನು ಅನಾದಿ, ನಿತ್ಯ. ಪ್ರತಿಯೊಬ್ಬ ಜೀವನೂ ಮತ್ತೊಬ್ಬನಿಂದ ಭಿನ್ನನು. ಗಾಜಿನ ಪಾತ್ರೆಯಲ್ಲಿ ವೈದ್ಯರು ಸೇರಿಸುವುದು ದೇಹದ ಬೀಜಗಳನ್ನು ಮಾತ್ರ. ಆ ದೇಹಕ್ಕೆ ಯಾವ ಜೀವನನ್ನು ಯಾವ ಕರ್ಮಾನುಸಾರವಾಗಿ ಕಳುಹಿಸಬೇಕೆಂಬುದು ಅವರ ಕೈಯಲ್ಲಿಲ್ಲ. ತಂದೆತಾಯಿಗಳ ಕೈಯಲ್ಲಿಯೂ ಎಂದೂ ಇರಲಿಲ್ಲ. ಶಯ್ಯಾಗೃಹದಲ್ಲಿ ಗರ್ಭ ನಿಂತರೂ ಪ್ರಯೋಗಶಾಲೆಯಲ್ಲಿ ಭ್ರೂಣವಾದರೂ ಮನುಷ್ಯನ ಪಾಲು ಅಷ್ಟೇ. ಒಳ್ಳೆಯ ವೈದ್ಯರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಎಲ್ಲವೂ ಸರಿಯಾಗಿ ನಡೆದರೂ ಒಂದು ಆವರ್ತನದಲ್ಲಿ ಮಗುವಾಗುವ ಸಂಭವ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಸ್ತ್ರೀಗೆ 35 ವಯಸ್ಸು ದಾಟಿದ ಮೇಲೆ ಅದು ಇನ್ನೂ ಇಳಿಯುತ್ತ ಹೋಗುತ್ತದೆ.

ಈ ತತ್ತ್ವವನ್ನು ಭಾಗವತದ ಆರನೆಯ ಸ್ಕಂಧದ ಚಿತ್ರಕೇತುವಿನ ಕಥೆ ಮನಸ್ಸಿಗೆ ನಾಟುವಂತೆ ತಿಳಿಸುತ್ತದೆ. ಅನೇಕ ಪತ್ನಿಯರಿದ್ದೂ ಮಕ್ಕಳಿಲ್ಲದ ಆ ರಾಜನಿಗೆ ಅಂಗಿರಸ ಮಹರ್ಷಿಗಳು ಯಾಗ ಮಾಡಿಸಿ, ಯಜ್ಞಶೇಷವನ್ನು ಪಟ್ಟದರಸಿ ಕೃತದ್ಯುತಿಗೆ ಕೊಟ್ಟರು. ಹುಟ್ಟುವ ಮಗನು ಹರ್ಷವನ್ನೂ ಶೋಕವನ್ನೂ ಕೊಡುವನೆಂದು ಮೊದಲೇ ಹೇಳಿದ್ದರು. ಮಗ ಹುಟ್ಟಿದ, ಮಕ್ಕಳಿಲ್ಲವೆಂದು ತಿರಸ್ಕಾರಕ್ಕೆ ಗುರಿಯಾದ ಸವತಿಯರು ಮತ್ಸರದಿಂದ ಅವನಿಗೆ ವಿಷವಿಕ್ಕಿದರು. ಗೋಳಿಡುತ್ತಿದ್ದ ರಾಜನ ಮುಂದೆ ನಾರದರು ಆ ಜೀವನನ್ನು ಮರಳಿ ಕರೆದಾಗ, ನನಗೆ ಎಷ್ಟೋ ಜನ್ಮಗಳಾಗಿವೆ, ಇವರು ಯಾವ ಜನ್ಮದ ತಂದೆತಾಯಿಗಳು ಎಂದು ಅವನು ಕೇಳಿದನಂತೆ. ಮಗು ನಮ್ಮ ಮನೆಗೆ ಬರುವ ಅತಿಥಿ. ಅತಿಥಿಗಾಗಿ ಬಾಗಿಲು ತೆರೆದಿಡುವುದು, ದಾರಿಯ ಮುಳ್ಳನ್ನು ತೆಗೆಯುವುದು ನಮ್ಮ ಧರ್ಮ. ಬಂದೇ ತೀರಬೇಕೆಂದು ಹಟ ಹಿಡಿಯುವ ಅಧಿಕಾರ ನಮಗಿಲ್ಲ. ಬಾರದಿದ್ದರೆ ಮನೆಯಾಕೆಯನ್ನು ಜರೆಯುವ ಅಧಿಕಾರವಂತೂ ಯಾರಿಗೂ ಇಲ್ಲ. ಮತ್ತೊಂದು ಅಂಶವನ್ನೂ ಗಮನಿಸಬೇಕು. ಆ ಅರಮನೆಯಲ್ಲಿ ವಿಷ ಹುಟ್ಟಿದ್ದು ಯಾಗದಿಂದಲ್ಲ. ಮಕ್ಕಳನ್ನು ಹೆತ್ತವಳಿಗೆ ಒಂದು ಮಣೆ, ಹೆರದವರಿಗೆ ಮತ್ತೊಂದು ಮಣೆ ಹಾಕಿದ್ದರಿಂದ.

ಗಾಂಧಾರಿಯ ಕಥೆಯೂ ಇದನ್ನೇ ಹೇಳುತ್ತದೆ. ವ್ಯಾಸರು ಮಾಂಸಪಿಂಡವನ್ನು ನೂರೊಂದು ಭಾಗ ಮಾಡಿಸಿ ತುಪ್ಪದ ಕೊಡಗಳಲ್ಲಿ ಇರಿಸಿದ ವೃತ್ತಾಂತವನ್ನು ಹಿಡಿದು, ನಮ್ಮವರಿಗೆ ಪ್ರನಾಳ ಶಿಶುವಿನ ವಿದ್ಯೆ ಆಗಲೇ ತಿಳಿದಿತ್ತೆಂದು ಕೆಲವರು ಉಪನ್ಯಾಸ ಮಾಡುವುದುಂಟು. ವ್ಯಾಸರ ಮಹಿಮೆಯನ್ನು ಪ್ರಯೋಗಶಾಲೆಯ ಮಟ್ಟಕ್ಕೆ ಇಳಿಸುವುದೂ, ಇಂದಿನವರ ಶ್ರಮದ ಫಲವನ್ನು ನಮ್ಮದೆಂದು ಹೇಳಿಕೊಳ್ಳುವುದೂ ಎರಡೂ ತಕ್ಕುದಲ್ಲ. ಆ ಕಥೆಯಿಂದ ಕಲಿಯಬೇಕಾದುದು ಬೇರೆ. ಎರಡು ವರ್ಷ ಗರ್ಭ ಹೊತ್ತ ಗಾಂಧಾರಿ ತನ್ನ ಹೊಟ್ಟೆಯನ್ನು ತಾನೇ ಹೊಡೆದುಕೊಂಡದ್ದು ಕುಂತಿಗೆ ಮಗನಾದ ಸುದ್ದಿ ಕೇಳಿದ ಮೇಲೆ. ಮಗು ಬೇಕೆಂಬ ಬಯಕೆ ಅಲ್ಲಿ ಮುಗಿದು, ಅವಳಿಗಿಂತ ನಾನು ಹಿಂದಾದೆನೆಂಬ ಬೇಗೆ ಪ್ರಾರಂಭವಾಯಿತು. ಬಯಕೆ ಮತ್ತು ಬೇಗೆ ಇವೆರಡರ ನಡುವಣ ಗೆರೆಯೇ ಈ ವಿಷಯದಲ್ಲಿ ಧರ್ಮದ ಮೇರೆ ಎಂದು ನನ್ನ ಅಲ್ಪಮತಿಗೆ ತೋರುತ್ತದೆ.

ಈ ಮಾತುಗಳನ್ನು ಹೊರಗೆ ನಿಂತು ಬರೆಯುತ್ತಿಲ್ಲವಾದ್ದರಿಂದ ನಮ್ಮ ಮನೆಯ ವಿಷಯವನ್ನು ಸ್ವಲ್ಪ ಹೇಳುವುದು ಅನುಚಿತವಾಗಲಾರದು. ವಿವಾಹವಾಗಿ ಐದು ವರ್ಷ ಕಳೆದ ಮೇಲೆ ನಾವಿಬ್ಬರೂ ಚಿಕಿತ್ಸೆಗೆ ಹೋದೆವು. ಪ್ರತಿ ಸಂಜೆ ಗೊತ್ತಾದ ಹೊತ್ತಿಗೆ ಹೊಟ್ಟೆಗೆ ಚುಚ್ಚುಮದ್ದು ಆಗಬೇಕು. ಗುಡಿಯಲ್ಲಿ ಮಂಗಳಾರತಿಯ ಗಂಟೆ ಕೇಳುವ ಹೊತ್ತು, ಚುಚ್ಚುಮದ್ದಿನ ಹೊತ್ತು ಎರಡೂ ಒಂದೇ ಆಗಿರುತ್ತಿತ್ತು. ನಡುವೆ ಏಕಾದಶಿ ಬಂತು. ಹುಟ್ಟಿದಾರಭ್ಯ ನಿರಾಹಾರವನ್ನು ತಪ್ಪಿಸದ ನನ್ನ ಪತ್ನಿ ಏನು ಮಾಡಬೇಕೆಂದು ನಮ್ಮ ತಂದೆಯವರನ್ನು ಕೇಳಿದಳು. ನಲವತ್ತು ವರ್ಷ ಅರ್ಚಕವೃತ್ತಿ ನಡೆಸಿದ ಅವರು, “ಔಷಧದಲ್ಲಿರುವವರಿಗೆ ಶಾಸ್ತ್ರವೇ ವಿನಾಯಿತಿ ಕೊಟ್ಟಿದೆ. ಹಾಲು, ಹಣ್ಣು ತೆಗೆದುಕೋ ತಾಯಿ. ಔಷಧಕ್ಕೂ ಧನ್ವಂತರಿಯೇ ಒಡೆಯ” ಎಂದರು. ಮೊದಲನೆಯ ಸಲ ಗರ್ಭ ನಿಲ್ಲಲಿಲ್ಲ. ಎರಡನೆಯ ಸಲ ನಿಂತು, ಏಳನೆಯ ವಾರದಲ್ಲಿ ಹೋಯಿತು. ಮೂರನೆಯ ಸಲಕ್ಕೆ ಹಣ ಹೊಂದಿಸುವ ಮಾತು ನಡೆದಿದ್ದಾಗ ಆಕೆ, “ಮೊದಲೆರಡು ಸಲ ಮಗುವಿಗಾಗಿ ಹೋಗಿದ್ದೆವು. ಇನ್ನು ಹೋದರೆ ಊರವರ ಬಾಯಿಗೆ ಹೆದರಿ ಹೋದಂತಾಗುತ್ತದೆ. ಸಾಕು ಅನ್ನಿ” ಎಂದಳು. ನಾನು ಸಾಕು ಎಂದೆನು. ಅಂದಿನಿಂದ ನಾಲ್ಕು ವರ್ಷಗಳಾದವು. ದುಃಖವಿಲ್ಲವೆಂದರೆ ಅಸತ್ಯವಾದೀತು. ಹೋದುದಕ್ಕೆ ಪಶ್ಚಾತ್ತಾಪವಿಲ್ಲ, ನಿಲ್ಲಿಸಿದುದಕ್ಕೂ ಇಲ್ಲ.

ಆದ್ದರಿಂದ ಚಿಕಿತ್ಸೆಗೆ ಹೊರಡುವ ದಂಪತಿಗಳು ಹೊರಡುವ ಮೊದಲೇ ವಿಚಾರ ಮಾಡಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ವಿಜ್ಞಾಪಿಸಿಕೊಳ್ಳುತ್ತೇನೆ.

ಮೊದಲನೆಯದು ಪುರುಷರ ಕರ್ತವ್ಯ. ಅನಪತ್ಯತೆಯು ಅಪರೂಪದ ಶಾಪವೇನೂ ಅಲ್ಲ. ಲೋಕದಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿದೆ. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ಪುರುಷನ ಪರೀಕ್ಷೆ ಸುಲಭ, ನೋವಿಲ್ಲದ್ದು, ಅಲ್ಪವೆಚ್ಚದ್ದು. ಹೀಗಿದ್ದೂ ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿ ಎದ್ದ ಮೇಲೂ ಗಂಡನ ಪರೀಕ್ಷೆ ಆಗಿರುವುದಿಲ್ಲ. ಸಹಧರ್ಮಚಾರಿಣಿ ಎಂದು ಅಗ್ನಿಸಾಕ್ಷಿಯಾಗಿ ಕೈಹಿಡಿದವನಿಗೆ ಇದು ಶೋಭಿಸದು.

ಎರಡನೆಯದು ಮಿಕ್ಕ ಭ್ರೂಣಗಳ ವಿಚಾರ. ಒಂದಕ್ಕಿಂತ ಹೆಚ್ಚು ಭ್ರೂಣಗಳು ಉಂಟಾದಾಗ ಉಳಿದವನ್ನು ಅತಿಶೀತದಲ್ಲಿ ಕಾಪಿಡುತ್ತಾರೆ. ಅವುಗಳ ಗತಿಯೇನೆಂಬುದನ್ನು ಆಸ್ಪತ್ರೆಯವರು ಕೊಡುವ ಕಾಗದಕ್ಕೆ ಅವಸರದಲ್ಲಿ ಸಹಿ ಹಾಕುವಾಗ ನಿರ್ಧರಿಸಬಾರದು. ಜೀವಪ್ರವೇಶದ ವಿಷಯದಲ್ಲಿ ಭಯಭಕ್ತಿಯುಳ್ಳವರು, ಬೇಕಾದಷ್ಟನ್ನೇ ಉಂಟುಮಾಡಲು ಸಾಧ್ಯವೇ ಎಂದು ವೈದ್ಯರನ್ನು ಮೊದಲೇ ಕೇಳಬಹುದು. ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಮೂರನೆಯದು ಅನ್ಯರ ಬೀಜದಿಂದ ಸಂತಾನ ಪಡೆಯುವ ಪ್ರಶ್ನೆ. 2021ರಲ್ಲಿ ಅಂಗೀಕಾರವಾಗಿ 2022ರ ಜನವರಿಯಿಂದ ಜಾರಿಗೆ ಬಂದ ಕಾಯಿದೆಯ ಪ್ರಕಾರ ಇಂಥ ಮಗು ಚಿಕಿತ್ಸೆ ಪಡೆದ ದಂಪತಿಗಳದೇ. ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಇಲ್ಲ. ಚಿಕಿತ್ಸೆಗೆ ಸ್ತ್ರೀಯರಿಗೆ 50, ಪುರುಷರಿಗೆ 55 ವರ್ಷಗಳ ಮಿತಿಯನ್ನೂ ಅದು ಹಾಕಿದೆ. ಹಣಕ್ಕಾಗಿ ಗರ್ಭವನ್ನು ಬಾಡಿಗೆಗೆ ಕೊಡುವುದನ್ನು ಅದರ ಜೊತೆಯ ಮತ್ತೊಂದು ಕಾಯಿದೆ ನಿಷೇಧಿಸಿದೆ. ಬಡವಳ ಕಷ್ಟವನ್ನು ಕೊಂಡುಕೊಳ್ಳುವ ವ್ಯಾಪಾರ ನಿಂತದ್ದು ಧರ್ಮಕ್ಕೆ ಸಮ್ಮತವೇ. ಶಾಸ್ತ್ರದೃಷ್ಟಿಯಿಂದ ಗೋತ್ರ, ಸಪಿಂಡತೆಗಳ ನಿರ್ಣಯವನ್ನು ಅವರವರ ಮಠದ ವಿದ್ವಾಂಸರಲ್ಲಿ ಕೇಳಿ ತಿಳಿಯತಕ್ಕದ್ದು. ಧರ್ಮಶಾಸ್ತ್ರವು ಔರಸನೊಬ್ಬನನ್ನೇ ಪುತ್ರನೆನ್ನದೆ ಹನ್ನೆರಡು ಬಗೆಯ ಪುತ್ರರನ್ನು ಎಣಿಸಿದೆ; ದತ್ತಪುತ್ರನಿಗೆ ಪಡೆದವರ ಗೋತ್ರವನ್ನೇ ಹೇಳಿದೆ. ಆದರೆ ಮಗುವಿನಿಂದ ಸತ್ಯವನ್ನು ಮರೆಮಾಚುವುದು ಹಿತವಲ್ಲ. ಕರ್ಣನಿಗೆ ಕೇಡಾದದ್ದು ಅವನ ಜನ್ಮದಿಂದಲ್ಲ. ಆ ಜನ್ಮದ ಸತ್ಯ ಯುದ್ಧದ ಹೊಸ್ತಿಲಲ್ಲಿ ತಿಳಿದುಬಂದುದರಿಂದ.

ಗಂಡುಮಗುವೇ ಬೇಕೆಂದು ಭ್ರೂಣವನ್ನು ಆರಿಸುವುದು 1994ರ ಕಾಯಿದೆಯ ಪ್ರಕಾರ ಅಪರಾಧವೆಂಬುದನ್ನು, ನಮ್ಮ ಪ್ರಕಾರ ಪಾಪವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಅತಿಥಿ ಇಂಥವನೇ ಬರಲಿ ಎನ್ನುವವನು ಅತಿಥಿಸತ್ಕಾರಕ್ಕೆ ಅರ್ಹನಲ್ಲ.

ನಾಲ್ಕನೆಯದು, ಎಲ್ಲಿ ನಿಲ್ಲಬೇಕೆಂಬುದು. ಒಂದು ಆವರ್ತನಕ್ಕೆ ಲಕ್ಷ ರೂಪಾಯಿಗೂ ಮೀರಿ ವೆಚ್ಚವಾಗುವ ಈ ದಾರಿಯಲ್ಲಿ ಮನೆ, ಒಡವೆಗಳನ್ನು ಅಡವಿಟ್ಟು, ದೇಹವನ್ನು ದಣಿಸಿ ನಡೆದವರು ಅನೇಕರಿದ್ದಾರೆ. ವ್ರತಕ್ಕೆ ಸಂಕಲ್ಪ ಮಾಡುವಾಗಲೇ ಇಷ್ಟು ದಿನವೆಂದು ಅವಧಿಯನ್ನು ಹೇಳುತ್ತೇವೆ. ಅಂತೆಯೇ ಚಿಕಿತ್ಸೆಗೂ ಇಷ್ಟು ಸಲ, ಇಷ್ಟು ಹಣ ಎಂದು ಸಂಕಲ್ಪವಿರಲಿ. ಅವಧಿ ಮುಗಿದಾಗ ಫಲವನ್ನು ಅವನಿಗೆ ಒಪ್ಪಿಸಿ ಏಳುವುದು ಸೋಲಲ್ಲ, ವ್ರತದ ಉದ್ಯಾಪನೆ.

ಕಡೆಯದಾಗಿ ಬಂಧುಬಾಂಧವರಿಗೆ ಒಂದು ಮಾತು. ಪೌರೋಹಿತ್ಯದ ನಿಮಿತ್ತ ಮನೆಮನೆಗೆ ಹೋಗುವ ನಮ್ಮಂಥವರ ಕಣ್ಣಿಗೆ ಬೀಳುವ ದೃಶ್ಯವೊಂದುಂಟು. ಸೀಮಂತದಲ್ಲಿ ಆರತಿಯೆತ್ತುವ ಹೊತ್ತಿಗೆ “ಮಕ್ಕಳೊಂದಿಗರು ಬನ್ನಿ” ಎಂದು ಯಾರೋ ಕರೆಯುತ್ತಾರೆ. ಅಡಿಗೆಮನೆಯಲ್ಲಿ ಬೆಳಗಿನಿಂದ ದುಡಿದ ಒಬ್ಬಾಕೆ ಆಗ ಸದ್ದಿಲ್ಲದೆ ಹಿಂದಕ್ಕೆ ಸರಿಯುತ್ತಾಳೆ. ಮುತ್ತೈದೆತನಕ್ಕೆ ಮಕ್ಕಳ ಲೆಕ್ಕವನ್ನು ಸೇರಿಸಿದವರು ನಾವು. ನಾವು ಸೇರಿಸಿದ್ದನ್ನು ನಾವೇ ತೆಗೆಯಬಹುದು. ಮುಂದಿನ ಸಲ ಆಕೆಯನ್ನು ಹೆಸರು ಹಿಡಿದು ಮುಂದಕ್ಕೆ ಕರೆಯಿರಿ. ಆಸ್ಪತ್ರೆಯ ದಾರಿಯಲ್ಲಿರುವವರನ್ನು “ಏನಾದರೂ ವಿಶೇಷವೆ?” ಎಂದು ಕೇಳದಿರುವುದೂ ಒಂದು ದಾನವೇ. ಎಷ್ಟೋ ದಂಪತಿಗಳನ್ನು ಬಯಕೆಯಿಂದ ಬೇಗೆಗೆ ನೂಕುವುದು ಈ ಪ್ರಶ್ನೆಯೇ. ಮಗುವಾದ ಮೇಲೂ ಅವರು ಚಿಕಿತ್ಸೆಯನ್ನು ಮುಚ್ಚಿಡುವಂತೆ ಮಾಡುವುದು ನಾಳಿನ ಪಿಸುಮಾತಿನ ಭಯವೇ. ಬಂದ ಮಗುವಿಗೆ ಜಾತಕರ್ಮ, ನಾಮಕರಣಗಳು ನಡೆಯುವಾಗ, ಅದು ಯಾವ ದಾರಿಯಿಂದ ಬಂತೆಂದು ಕೇಳುವ ಮಂತ್ರ ಯಾವುದೂ ಇಲ್ಲ.

ಅಪುತ್ರನಿಗೆ ಗತಿಯಿಲ್ಲವೆಂಬ ಭಯ ಎಷ್ಟೋ ಮನಸ್ಸುಗಳನ್ನು ಇಂದಿಗೂ ಸುಡುತ್ತಿದೆ. ಅಂಥವರು ರಥಸಪ್ತಮಿಯ ಮರುದಿನವನ್ನು ನೆನೆಯಲಿ. ಮಾಘ ಶುದ್ಧ ಅಷ್ಟಮಿಯಂದು ನಾವೆಲ್ಲರೂ ಭೀಷ್ಮಾಚಾರ್ಯರಿಗೆ ತರ್ಪಣ ಕೊಡುತ್ತೇವೆ. ಅವರಿಗೆ ಪತ್ನಿಯಿಲ್ಲ, ಮಗನಿಲ್ಲ, ಪಿಂಡವಿಡುವ ಕುಲವಿಲ್ಲ. ಆದರೂ ಯಾವುದೋ ಗೋತ್ರದ, ಯಾವುದೋ ಊರಿನ ಸಹಸ್ರಾರು ಕೈಗಳು ಅಂದು ಅವರಿಗೆ ನೀರೆರೆಯುತ್ತವೆ. ತಂದೆ ಬದುಕಿರುವವನು ಪಿತೃತರ್ಪಣಕ್ಕೆ ಅಧಿಕಾರಿಯಲ್ಲ. ಅಂಥವನೂ ಭೀಷ್ಮರಿಗೆ ತರ್ಪಣ ಕೊಡಬಹುದೆಂದು ಶಾಸ್ತ್ರವು ಅನುಮತಿಸಿದೆ. ತಂದೆಯವರು ಆರೋಗ್ಯವಾಗಿರುವ ನನಗೂ ಆ ಭಾಗ್ಯವುಂಟು. ವರ್ಷಕ್ಕೊಮ್ಮೆ ಹಾಗೆ ನೀರು ಬಿಡುವಾಗ, ಈ ಲೋಕದಲ್ಲಿ ಒಬ್ಬನಿಗೆ ಮಕ್ಕಳಾಗುವ ದಾರಿಗಳು ನಾವು ಎಣಿಸಿದ್ದಕ್ಕಿಂತ ಹೆಚ್ಚಿವೆಯೆಂಬುದು ಮನಸ್ಸಿಗೆ ಬರುತ್ತದೆ.

ಬಯಸುವವರು ಬಯಸಲಿ, ಪ್ರಯತ್ನಿಸುವವರು ನಿರ್ಭಯವಾಗಿ ಪ್ರಯತ್ನಿಸಲಿ, ನಿಲ್ಲಿಸುವವರು ಗೌರವದಿಂದ ನಿಲ್ಲಿಸಲಿ. ಮೂವರಿಗೂ ಒಡೆಯನು ಒಬ್ಬನೇ.

ಶ್ರೀಕೃಷ್ಣಾರ್ಪಣಮಸ್ತು.